ಸ್ಟೋರ್ಸ್ ರ‍್ಯಾಕಿಗೆ ಯಾವ ಕಾನ್‌ಬಾನ್ ಕಾರ್ಡ್ ಒಳ್ಳೆಯದು? ಪಿವಿಸಿ, ಪ್ಲಾಸ್ಟಿಕ್ ಕವರ್, ಲ್ಯಾಮಿನೇಶನ್ ಎಲ್ಲ ಬಳಸಿದ ಮೇಲೆ ನನ್ನ ಮಾತು

ಪೀಣ್ಯದಲ್ಲಿ, ಕಂಪ್ಯೂಟರ್ ನಡೆಸುವ ಮಷಿನ್ನುಗಳಲ್ಲಿ ಲೋಹದ ಬಿಡಿಭಾಗ ಮಾಡುವ ಒಂದು ಸಿಎನ್‌ಸಿ ವರ್ಕ್‌ಶಾಪಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಲೋಹ ಕತ್ತರಿಸುವ ಸಣ್ಣ ತುಂಡು), ಡ್ರಿಲ್, ಎಂಡ್‌ಮಿಲ್, ಕೂಲೆಂಟ್ (ಕತ್ತರಿಸುವಾಗ ತಂಪಿಗೆ ಸುರಿಯುವ ದ್ರವ), ಹೈಡ್ರಾಲಿಕ್ ಆಯಿಲ್, ಗ್ಲೌಸ್, ಕಾಟನ್ ವೇಸ್ಟ್, ಪ್ಯಾಕಿಂಗ್ ಬಾಕ್ಸ್ ಎಲ್ಲ ನನ್ನ ಸುಪರ್ದಿಯಲ್ಲೇ ಇರುತ್ತವೆ. ಇವು ಮುಗಿಯುವ ಮೊದಲೇ ಆರ್ಡರ್ ಹೋಗಬೇಕು. ಒಂದು ಬಾಕ್ಸ್ ಇನ್ಸರ್ಟ್ ಇಲ್ಲ ಅಂದರೆ ಲಕ್ಷಾಂತರ ರೂಪಾಯಿಯ ಮಷಿನ್ ಸುಮ್ನೆ ನಿಲ್ಲುತ್ತದೆ. ಸಂಜೆ ಲೋಡಿಂಗಿಗೆ ಬಂದ ಟೆಂಪೋ ಕಾಯುತ್ತಾ ನಿಲ್ಲುತ್ತದೆ. ಹಾಗಾಗಬಾರದು ಅಂತಲೇ ನಾವು ಕಾನ್‌ಬಾನ್ ಕಾರ್ಡ್ ಇಟ್ಟಿದ್ದೇವೆ, ಅಂದರೆ ಮಾಲು ಇಷ್ಟಕ್ಕೆ ಇಳಿಯಿತು, ಮತ್ತೆ ತರಿಸಿ ಅಂತ ಹೇಳುವ ಕಾರ್ಡ್.

ಕಾರ್ಡ್ ಹೊರಗೆ ಮಾಡಿಸುವುದಾ, ನಾವೇ ಮಾಡಿಕೊಳ್ಳುವುದಾ ಅಂತ ಅಕ್ಕಪಕ್ಕದ ವರ್ಕ್‌ಶಾಪಿನವರು ಆಗಾಗ ಕೇಳುತ್ತಾರೆ. ಐಡಿ ಕಾರ್ಡ್ ಅಂಗಡಿಯ ಪಿವಿಸಿ ಕಾರ್ಡ್, ಬಾಯಿ ತೆರೆದ ಪ್ಲಾಸ್ಟಿಕ್ ಕವರ್, ಲ್ಯಾಮಿನೇಶನ್ ಕಾರ್ಡ್ ಎಲ್ಲವನ್ನೂ ನಮ್ಮ ಎಣ್ಣೆ, ಕೂಲೆಂಟ್, ಚಿಪ್ಸ್ (ಲೋಹ ಕತ್ತರಿಸುವಾಗ ಉದುರುವ ಚೂರು) ನಡುವೆಯೇ ಬಳಸಿದ್ದೇನೆ, ಮೊಬೈಲ್ ಆ್ಯಪ್ ಕೂಡ ನೋಡಿದ್ದೇನೆ. ನನ್ನ ಆಯ್ಕೆ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಆಫೀಸಿನ ಲೇಸರ್ ಪ್ರಿಂಟರ್, ಒಂದು ಸಣ್ಣ ಲ್ಯಾಮಿನೇಶನ್ ಮಷಿನ್, 125 ಮೈಕ್ರಾನ್ ದಪ್ಪದ ಪೌಚ್ (ಲ್ಯಾಮಿನೇಶನ್ ಮಾಡುವ ಪ್ಲಾಸ್ಟಿಕ್ ಚೀಲ). ಮಷಿನ್ ಶಾಪಿಗೆ ಇದಕ್ಕಿಂತ ಚೆನ್ನಾಗಿ ಬಾಳಿದ್ದು ನಾನು ನೋಡಿಲ್ಲ. ಆದರೆ ಮಾಡುವ ಕ್ರಮ ಸರಿ ಇರಬೇಕು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನೆಟ್‌ನಲ್ಲಿ ಕಾನ್‌ಬಾನ್ ಅಂತ ಹುಡುಕಿದರೆ ಸಾಫ್ಟ್‌ವೇರ್ ಕಂಪನಿಗಳ ಟಾಸ್ಕ್ ಬೋರ್ಡ್‌ಗಳೇ ಜಾಸ್ತಿ ಸಿಗುತ್ತವೆ. ನಾನು ಹೇಳುತ್ತಿರುವುದು ಮಾಲಿಗೇ ಕಟ್ಟುವ ಹಳೆಯ ಕಾರ್ಡಿನ ವಿಷಯ. ಸೂಪರ್‌ಮಾರ್ಕೆಟ್‌ನಲ್ಲಿ ಗಿರಾಕಿ ಎಷ್ಟು ತೆಗೆದುಕೊಂಡು ಹೋದರೋ ಅಷ್ಟನ್ನೇ ಮತ್ತೆ ಶೆಲ್ಫಿಗೆ ತುಂಬುತ್ತಾರಲ್ವಾ, ಆ ಪದ್ಧತಿಯನ್ನೇ ಟೊಯೊಟಾದ ತೈಚಿ ಓನೊ ಕಾರ್ಖಾನೆಗೆ ತಂದರು. 1953ರಲ್ಲಿ ಅದು ಟೊಯೊಟಾದ ಮಷಿನ್ ಶಾಪಿನಲ್ಲೇ ಜಾರಿಗೆ ಬಂತು. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇರುವುದರಿಂದ ಬೆಂಗಳೂರಿನ ಸುತ್ತ ಬಿಡಿಭಾಗ ಮಾಡುವವರಿಗೆ ಈ ಹೆಸರು ಹೊಸದೇನಲ್ಲ.

ಇದರಲ್ಲಿ ಬೇರೆ ಬೇರೆ ಜಾತಿಯ ಕಾರ್ಡುಗಳಿವೆ. ಮುಂದಿನ ವಿಭಾಗದವರು ಮಾಲು ಕೇಳಲು ಒಂದು, ಹಿಂದಿನವರು ಮಾಲು ಮಾಡಲು ಒಂದು. ಪ್ರೆಸ್ ಶಾಪಿನಲ್ಲಿ ಒಂದೇ ಸಲ ದೊಡ್ಡ ಲಾಟ್ ಮಾಡಿ ಇಡುವ ಕಡೆ ತ್ರಿಕೋನದ ಕಾರ್ಡ್ ಬಳಸುತ್ತಾರೆ. ಪೇರಿಸಿದ ಮಾಲಿನ ನಡುವೆ ಒಂದು ಮಟ್ಟದಲ್ಲಿ ಅದನ್ನು ಸಿಕ್ಕಿಸಿರುತ್ತಾರೆ. ಅಲ್ಲಿಯವರೆಗೆ ಮಾಲು ಖರ್ಚಾದರೆ ಮುಂದಿನ ಲಾಟ್ ಶುರು ಮಾಡಬೇಕು ಅಂತ ಲೆಕ್ಕ. ಸ್ಟೋರ್ಸಿನಲ್ಲಿ ಹೊರಗಿನಿಂದ ಮಾಲು ತರಿಸುವ ನಮ್ಮಂಥವರಿಗೆ ಬೇಕಾದ್ದು ಈ ಜಾತಿಯದು.

ಇಂಥ ಕಾರ್ಡನ್ನು ಆರಿಸುವಾಗ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಕಾರ್ಡ್ ಮುಟ್ಟದೆ ಮಾಲು ತೆಗೆಯಲು ಆಗಬಾರದು. ರಾತ್ರಿ ಎರಡು ಗಂಟೆಗೆ ನೈಟ್ ಶಿಫ್ಟಿನ ಆಪರೇಟರ್ ಇನ್ಸರ್ಟ್ ತೆಗೆದುಕೊಳ್ಳುವಾಗ ಸ್ಟೋರ್ಸಿನಲ್ಲಿ ಯಾರೂ ಇರುವುದಿಲ್ಲ. ಅವರು ಎಣಿಸಬೇಕಿಲ್ಲ, ಬರೆಯಬೇಕಿಲ್ಲ, ನೆನಪಿಟ್ಟುಕೊಳ್ಳಬೇಕಿಲ್ಲ. ಬಾಕ್ಸ್ ತೆಗೆಯಲು ಹೋದರೆ ಕಾರ್ಡ್ ತಾನಾಗಿ ಕೈಗೆ ಬರಬೇಕು, ಅದನ್ನು ಕಿಟಕಿಯ ಪಕ್ಕದ ಡಬ್ಬಿಗೆ ಹಾಕಿದರೆ ಆಯಿತು.

ಮೊದಲು ಪಿವಿಸಿ ಕಾರ್ಡ್. ಇದನ್ನು ಸುಲ್ತಾನ್‌ಪೇಟೆಯ ಒಂದು ಅಂಗಡಿಯಲ್ಲಿ ಮಾಡಿಸಿದೆವು. ಕೌಂಟರಿನಲ್ಲಿದ್ದವರು ಡಿಸೈನ್ ನೋಡಿ, "ಮೇಡಂ, ಸ್ಕೂಲ್ ಐಡಿ ಕಾರ್ಡಾ?" ಅಂತ ಕೇಳಿದರು. ಫ್ಯಾಕ್ಟರಿ ರ‍್ಯಾಕಿಗೆ ಅಂದ ತಕ್ಷಣ, "ಹಾಗಾದ್ರೆ ತೂತು ಉದ್ದಕ್ಕೆ ಬೇಡ, ರೌಂಡ್ ಹೊಡೀತೀನಿ, ಹುಕ್ಕಿಗೆ ಸಲೀಸಾಗತ್ತೆ" ಅಂದರು. ಕೆಲಸ ಗೊತ್ತಿದ್ದವರು. ಅವತ್ತೇ ಸಂಜೆ ಕೈಗೆ ಕೊಟ್ಟರು, ಅಕ್ಷರ ಚುರುಕಾಗಿತ್ತು, ಒಂದು ಕಾರ್ಡೂ ಓರೆ ಇರಲಿಲ್ಲ. ಅಂಗಡಿಯ ಕೆಲಸಕ್ಕೆ ನನ್ನ ಪೂರ್ತಿ ಅಂಕ.

ತೊಂದರೆ ಇರುವುದು ಕಾರ್ಡಿನ ಅಳತೆಯಲ್ಲಿ. ಐಡಿ ಕಾರ್ಡ್ ಅಂದರೆ ಎಟಿಎಂ ಕಾರ್ಡಿನ ಅಳತೆ, ಸುಮಾರು 86ಕ್ಕೆ 54 ಮಿ.ಮೀ. ಅದರಲ್ಲಿ ಐಟಂ ಹೆಸರು, ಫೋಟೋ, ರ‍್ಯಾಕ್ ನಂಬರ್, ಎಷ್ಟಕ್ಕೆ ಆರ್ಡರ್ ಹಾಕಬೇಕು, ಎಷ್ಟು ತರಿಸಬೇಕು ಇಷ್ಟನ್ನೂ ತುಂಬಿದರೆ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ಗ್ಲೌಸ್ ಹಾಕಿದ ಕೈಗೆ ಅದು ಸಿಗುವುದೂ ಕಷ್ಟ, ಬಿದ್ದರೆ ರ‍್ಯಾಕಿನ ಸಂದಿಗೆ ಹೋಗುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಕಾರ್ಡಿನ ಮೇಲಿನ ಅಂಕಿ ಬದಲಾಗುತ್ತಲೇ ಇರುತ್ತದೆ. ಹೊಸ ಕಸ್ಟಮರ್ ಬಂದರೆ ಬಳಕೆ ಏರುತ್ತದೆ, ಡೀಲರ್ ಬದಲಾದರೆ ಮಾಲು ಬರುವ ದಿನ ಬದಲಾಗುತ್ತದೆ. ಪ್ರತಿ ಸಲ ಸಿಟಿಗೆ ಹೋಗಿ ಹೊಸ ಕಾರ್ಡ್ ಮಾಡಿಸುವುದು ಯಾರಿಗೆ ಬೇಕು? ಹಾಗಂತ ಪಿವಿಸಿ ಕೆಟ್ಟದ್ದಲ್ಲ. ಕೂಲೆಂಟಿನಲ್ಲಿ ನೆನೆದರೂ ಅದಕ್ಕೆ ಏನೂ ಆಗಲಿಲ್ಲ. ಎಣ್ಣೆ ಇಲ್ಲದ, ಅಂಕಿ ಅಷ್ಟಾಗಿ ಬದಲಾಗದ ಕಡೆ, ಉದಾಹರಣೆಗೆ ಇನ್‌ಸ್ಪೆಕ್ಷನ್ ರೂಮಿನ ಸಾಮಾನಿಗೆ, ನಾವು ಈಗಲೂ ಅದನ್ನೇ ಬಳಸುತ್ತಿದ್ದೇವೆ.

ಬಾಯಿ ತೆರೆದ ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ ತೂರಿಸುವುದು ಎಲ್ಲಕ್ಕಿಂತ ಸುಲಭ. ಅಂಕಿ ಬದಲಾದರೆ ಚೀಟಿ ಬದಲಿಸಿದರೆ ಆಯಿತು. ಪ್ಯಾಕಿಂಗ್ ಸೆಕ್ಷನ್ನಿಗೆ, ಆಫೀಸ್ ಸ್ಟೇಷನರಿಗೆ ಇದು ಧಾರಾಳವಾಗಿ ಸಾಕು. ಮಷಿನ್ ಪಕ್ಕದ ರ‍್ಯಾಕಿಗೆ ಮಾತ್ರ ಬೇಡ. ಬಾಯಿಯಿಂದ ಎಣ್ಣೆ ಇಳಿಯುತ್ತದೆ, ಸಣ್ಣ ಚಿಪ್ಸ್ ಒಳಗೆ ಕೂರುತ್ತದೆ, ಚೀಟಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಈಗ ಲ್ಯಾಮಿನೇಶನ್. ಹೊರಗೆ ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಲ್ಯಾಮಿನೇಶನ್ ಬೇಗ ಬಿಟ್ಟುಕೊಳ್ಳುತ್ತದೆ ಅಂತ ತುಂಬಾ ಜನ ದೂರುತ್ತಾರೆ. ಅದಕ್ಕೆ ಕಾರಣ ಪೌಚ್ ಅಲ್ಲ, ಕತ್ತರಿಸುವ ಕ್ರಮ. ಎ4 ಹಾಳೆಯಲ್ಲಿ ನಾಲ್ಕು ಕಾರ್ಡ್ ಪ್ರಿಂಟ್ ಮಾಡಿ, ಇಡೀ ಹಾಳೆಯನ್ನು ಲ್ಯಾಮಿನೇಟ್ ಮಾಡಿ, ಆಮೇಲೆ ನಾಲ್ಕು ಭಾಗ ಮಾಡಿಕೊಡುತ್ತಾರೆ. ಆಗ ಕತ್ತರಿಸಿದ ಅಂಚಿನಲ್ಲಿ ಕಾಗದ ಬೆತ್ತಲೆಯಾಗಿ ನಿಲ್ಲುತ್ತದೆ. ಕೂಲೆಂಟ್ ಆ ಅಂಚಿನಿಂದ ಒಳಗೆ ಹೀರಿಕೊಳ್ಳುತ್ತದೆ, ಕಾಗದ ಉಬ್ಬುತ್ತದೆ, ಎರಡೂ ಕಡೆಯ ಪ್ಲಾಸ್ಟಿಕ್ ಬೇರೆಯಾಗುತ್ತದೆ. ಇಂಕ್‌ಜೆಟ್ ಪ್ರಿಂಟ್ ಆಗಿದ್ದರೆ ಅಕ್ಷರವೂ ಹರಡುತ್ತದೆ. ಅದಕ್ಕೇ ಲೇಸರ್ ಪ್ರಿಂಟ್ ಅಂದದ್ದು.

ನಾವು ಉಲ್ಟಾ ಮಾಡುತ್ತೇವೆ. ಮೊದಲು ಕಾರ್ಡುಗಳನ್ನು 95ಕ್ಕೆ 138 ಮಿ.ಮೀ. ಅಳತೆಗೆ ಕತ್ತರಿಸಿಕೊಳ್ಳುತ್ತೇವೆ. ಒಂದು ಎ4 ಪೌಚಿನೊಳಗೆ ನಾಲ್ಕು ಕಾರ್ಡುಗಳನ್ನು ನಡುವೆ ಎಂಟು ಮಿ.ಮೀ. ಜಾಗ ಬಿಟ್ಟು ಜೋಡಿಸುತ್ತೇವೆ. ಮಷಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೌಚಿನ ಮುಚ್ಚಿದ ಅಂಚನ್ನು ಮುಂದೆ ಮಾಡಿ ಬಿಡಬೇಕು. ಆಮೇಲೆ ಆ ಜಾಗದ ಮಧ್ಯಕ್ಕೆ ಕತ್ತರಿ ಹಾಕಿದರೆ ಪ್ರತಿ ಕಾರ್ಡಿನ ಸುತ್ತ ನಾಲ್ಕು ಮಿ.ಮೀ. ಬರೀ ಪ್ಲಾಸ್ಟಿಕ್ ಅಂಚು ಉಳಿಯುತ್ತದೆ. ಅಲ್ಲಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಅಂಟಿರುವುದರಿಂದ ನೀರು ಹೋಗಲು ದಾರಿಯಿಲ್ಲ. ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ, ಇಲ್ಲದಿದ್ದರೆ ಕೈ ಗೀರುತ್ತದೆ.

ಹುಕ್ಕಿನ ತೂತಿಗೂ ಇದೇ ಮಾತು. ಕಾಗದದ ಮೇಲೆ ತೂತು ಹೊಡೆದರೆ ಆ ತೂತಿನಿಂದಲೇ ಎಣ್ಣೆ ಒಳಗೆ ಹೋಗುತ್ತದೆ. ನಾವು ಕಾಗದವನ್ನು ಲ್ಯಾಮಿನೇಶನ್‌ಗೆ ಮೊದಲೇ ಮೇಲಿನ ಮಧ್ಯದಲ್ಲಿ ದೊಡ್ಡ ಪಂಚ್‌ನಿಂದ ತೂತು ಮಾಡುತ್ತೇವೆ, ಲ್ಯಾಮಿನೇಶನ್ ಆದ ಮೇಲೆ ಅದರೊಳಗೆ ಚಿಕ್ಕ ತೂತು ಹೊಡೆಯುತ್ತೇವೆ. ಸುತ್ತ ಪ್ಲಾಸ್ಟಿಕ್ ಬಳೆ ಉಳಿಯುತ್ತದೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಹೀಗೆ ಮಾಡಿದ ಕಾರ್ಡುಗಳು ಕೂಲೆಂಟ್ ಡ್ರಮ್ಮಿನ ಮೇಲೆ ನೇತಾಡಿಕೊಂಡೇ ಇವೆ, ಇವತ್ತಿಗೂ ಓದಲು ಬರುತ್ತವೆ. 250 ಮೈಕ್ರಾನಿನ ದಪ್ಪ ಪೌಚ್ ಕೂಡ ಸಿಗುತ್ತದೆ. ಅದು ಗಟ್ಟಿ ಹೌದು, ಆದರೆ ರಬ್ಬರ್ ಬ್ಯಾಂಡಿನ ಕೆಳಗೆ ಬಾಗುವುದಿಲ್ಲ, ನಮಗೆ ಹೊಂದಲಿಲ್ಲ.

ರಬ್ಬರ್ ಬ್ಯಾಂಡ್ ಅಂದೆನಲ್ಲ, ನಮ್ಮ ವ್ಯವಸ್ಥೆಯೆಲ್ಲ ನಿಂತಿರುವುದು ಅದರ ಮೇಲೆ. ಇನ್ಸರ್ಟ್ ಬಾಕ್ಸುಗಳಲ್ಲಿ ಕೊನೆಯ ಐದನ್ನು ಒಟ್ಟಿಗೆ ಸೇರಿಸಿ, ಮೇಲೆ ಕಾರ್ಡ್ ಇಟ್ಟು ದಪ್ಪ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಬಿಡಿ ಬಾಕ್ಸುಗಳು ಮುಗಿದ ಮೇಲೆ ಈ ಕಟ್ಟಿಗೆ ಕೈ ಹಾಕಬೇಕು. ಬ್ಯಾಂಡ್ ಬಿಚ್ಚಿದರೆ ಕಾರ್ಡ್ ಕೈಗೆ ಬರುತ್ತದೆ.

ಐದೇ ಯಾಕೆ? ಆ ಲೆಕ್ಕ ಹೇಳುತ್ತೇನೆ. ನಮ್ಮಲ್ಲಿ ಆ ಇನ್ಸರ್ಟ್ ದಿನಕ್ಕೆ ಸುಮಾರು 8 ಖರ್ಚಾಗುತ್ತದೆ. ಫೋನ್ ಮಾಡಿದರೆ ಡೀಲರ್ "ನಾಳೆ ಕಳಿಸ್ತೀನಿ" ಅನ್ನುತ್ತಾರೆ, ಮಾತಿನಂತೆ ಕಳಿಸುತ್ತಾರೆ ಕೂಡ. ಆದರೆ ಲೆಕ್ಕಕ್ಕೆ ಹಿಡಿಯಬೇಕಾದ ದಿನ ಅದೊಂದೇ ಅಲ್ಲ. ರಾತ್ರಿ ಡಬ್ಬಿಗೆ ಬಿದ್ದ ಕಾರ್ಡ್ ಬೆಳಗ್ಗೆಯವರೆಗೆ ಅಲ್ಲೇ ಇರುತ್ತದೆ. ಪಿಒಗೆ, ಅಂದರೆ ಖರೀದಿ ಆರ್ಡರ್ ಪತ್ರಕ್ಕೆ, ಓನರ್ ಸಹಿ ಆಗಬೇಕು. ಮಾಲು ಬಂದ ಮೇಲೆ ಇನ್ಸ್‌ಪೆಕ್ಷನ್ ಆಗಬೇಕು, ಆಮೇಲೆ ರ‍್ಯಾಕಿಗೆ. ಕಾರ್ಡ್ ಬಿಚ್ಚಿದ ಗಳಿಗೆಯಿಂದ ಮಾಲು ರ‍್ಯಾಕ್ ಸೇರುವವರೆಗೆ ಎಣಿಸಿದರೆ 4 ದಿನ. 8ನ್ನು 4ರಿಂದ ಗುಣಿಸಿದರೆ 32. ಏರುಪೇರಿಗೆ ಇದರ ಅರ್ಧ, ಅಂದರೆ 16 ಸೇರಿಸಿದರೆ 48. ಬಾಕ್ಸಿಗೆ 10 ಇರುವುದರಿಂದ 5 ಬಾಕ್ಸ್. ಅರ್ಧ ಅನ್ನುವುದು ಎಲ್ಲ ಸಾಮಾನಿಗೂ ಬೇಡ. ಮಾಲು ಸರಿಯಾದ ದಿನಕ್ಕೆ ಬರುವ ಕಡೆ ಕಾಲು ಭಾಗ ಸಾಕು.

ಪ್ಯಾಕಿಂಗ್ ಬಾಕ್ಸಿನಂಥ ಬೇಗ ಖರ್ಚಾಗುವ ಸಾಮಾನಿಗೆ ಪ್ರತಿ ಬಂಡಲ್ಲಿಗೂ ಒಂದೊಂದು ಕಾರ್ಡ್ ಹಾಕಿದರೆ ಒಳ್ಳೆಯದು. ದಿನಕ್ಕೆ 100 ಬಾಕ್ಸ್, ಬರಲು 2 ದಿನ, ಕಾಲು ಭಾಗ ಸೇರಿಸಿದರೆ 250. ಬಂಡಲ್ಲಿಗೆ 25 ಇದ್ದರೆ 10 ಕಾರ್ಡ್. ಡಬ್ಬಿಯಲ್ಲಿ ಎಷ್ಟು ಕಾರ್ಡ್ ಇದೆಯೋ ಅಷ್ಟು ಬಂಡಲ್ ಆರ್ಡರ್. ಅಲೆನ್ ಬೋಲ್ಟ್, ವಾಷರ್‌ಗೆ ಇಷ್ಟು ಲೆಕ್ಕವೂ ಬೇಡ. ಎರಡು ಬಿನ್ ಇಡಿ, ಹಿಂದಿನ ಬಿನ್ನಿನಲ್ಲಿ ಕಾರ್ಡ್ ಇರಲಿ. ಮುಂದಿನದು ಖಾಲಿಯಾದಾಗ ಹಿಂದಿನದನ್ನು ಎಳೆದುಕೊಂಡರೆ ಕಾರ್ಡ್ ಸಿಗುತ್ತದೆ.

ಇನ್ನು ಕಾರ್ಡಿನ ಮೇಲೆ ಏನು ಬರೆಯಬೇಕು ಅನ್ನುವುದು. ರೆಡಿಮೇಡ್ ಟೆಂಪ್ಲೇಟುಗಳಲ್ಲಿ ಪಾರ್ಟ್ ನಂಬರನ್ನು ದೊಡ್ಡದಾಗಿ ಹಾಕಿರುತ್ತಾರೆ, ಹೆಸರು ಸಣ್ಣದು, ಫೋಟೋ ಇರುವುದೇ ಇಲ್ಲ. ಶಾಪ್ ಫ್ಲೋರಿನಲ್ಲಿ ಅದು ನಡೆಯುವುದಿಲ್ಲ. ನಮ್ಮಲ್ಲಿ ಜಾಸ್ತಿ ಓಡುವುದು ಸಿಎನ್‌ಎಂಜಿ 120408 ಮತ್ತು 120404. ಎರಡೂ 80 ಡಿಗ್ರಿ ಮೂಲೆಯ ಇನ್ಸರ್ಟ್, ಒಂದೇ ಅಳತೆ, ಒಂದೇ ಬಣ್ಣದ ಬಾಕ್ಸ್. ಕೊನೆಯ ಎರಡು ಅಂಕಿಯಲ್ಲಿ ಮಾತ್ರ ವ್ಯತ್ಯಾಸ. 08 ಅಂದರೆ ತುದಿಯ ರೇಡಿಯಸ್ 0.8 ಮಿ.ಮೀ., 04 ಅಂದರೆ 0.4. ಡ್ರಾಯಿಂಗಿನಲ್ಲಿ ಮೂಲೆಯ ರೇಡಿಯಸ್ 0.4 ಮೀರಬಾರದು ಅಂತ ಇದ್ದು, 08 ಹಾಕಿ ಓಡಿಸಿದರೆ ಪಾರ್ಟ್ ರಿಜೆಕ್ಟ್. ಅದಕ್ಕೆ ನಮ್ಮ ಕಾರ್ಡಿನಲ್ಲಿ ಆ ಎರಡು ಅಂಕಿ ಹೆಬ್ಬೆರಳಿನಷ್ಟು ದೊಡ್ಡದು, 08ಕ್ಕೆ ನೀಲಿ ಪಟ್ಟಿ, 04ಕ್ಕೆ ಹಳದಿ ಪಟ್ಟಿ. ಪೂರ್ತಿ ಕೋಡ್ ಕೆಳಗೆ ಸಣ್ಣದಾಗಿ ಇದೆ, ಅದು ಬೇಕಾಗುವುದು ಪರ್ಚೇಸ್‌ನವರಿಗೆ.

ಹೆಸರು ಕನ್ನಡದಲ್ಲೂ ಹಿಂದಿಯಲ್ಲೂ ಇದೆ, ಯಾಕಂದರೆ ಒಡಿಶಾ, ಬಿಹಾರದಿಂದ ಬಂದ ಹುಡುಗರೂ ನಮ್ಮಲ್ಲಿ ಕೆಲಸ ಮಾಡುತ್ತಾರೆ. ಜೊತೆಗೆ ನಮ್ಮ ರ‍್ಯಾಕಿನಲ್ಲೇ ತೆಗೆದ ಫೋಟೋ. ಆರ್ಡರ್ ಯಾವಾಗ, ಎಷ್ಟು ಅನ್ನುವ ಎರಡು ಅಂಕಿಯನ್ನು ಬೇರೆ ಬೇರೆ ಚೌಕದಲ್ಲಿ ಹಾಕಿ. 5 ಬಾಕ್ಸ್ ಉಳಿದಾಗ ಆರ್ಡರ್, ತರಿಸುವುದು 10 ಬಾಕ್ಸ್. ಎರಡೂ ಒಂದೇ ಸಾಲಿನಲ್ಲಿದ್ದರೆ ಹೊಸಬರು ಗೊಂದಲ ಮಾಡಿಕೊಳ್ಳುತ್ತಾರೆ. ಒಂದಕ್ಕಿಂತ ಜಾಸ್ತಿ ಕಾರ್ಡ್ ಇರುವ ಐಟಂಗೆ 3/10, 4/10 ಅಂತ ನಂಬರ್ ಇರಲೇಬೇಕು. ಕಾರ್ಡ್ ಕಳೆದುಹೋದರೆ ಮಾಲು ಮುಗಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಕಾರ್ಡ್ ಎಣಿಸಿದರೆ ಯಾವುದು ಇಲ್ಲ ಅಂತ ತಕ್ಷಣ ತಿಳಿಯುತ್ತದೆ.

ಡಬ್ಬಿಯಿಂದ ತೆಗೆದ ಕಾರ್ಡ್ ಬೋರ್ಡಿಗೆ ಹೋಗುತ್ತದೆ. ಅಲ್ಲಿ ಎರಡು ಸಾಲು ಹುಕ್ಕುಗಳಿವೆ, ಆರ್ಡರ್ ಹಾಕಬೇಕಾದ್ದು ಮತ್ತು ಆರ್ಡರ್ ಹಾಕಿದ್ದು. ಪಿಒ ಹೋದ ತಾರೀಕನ್ನು ಕಾರ್ಡಿನ ಮೇಲೇ ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯುತ್ತೇವೆ, ಮಾಲು ಬಂದ ಮೇಲೆ ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸುತ್ತೇವೆ. ವೈಟ್‌ಬೋರ್ಡ್ ಮಾರ್ಕರ್ ಬೇಡ, ಕೈ ತಾಗಿದರೆ ಅಳಿಸಿಹೋಗುತ್ತದೆ. ನಮ್ಮ ಸೀನಿಯರ್ ಆಪರೇಟರ್ ಅಣ್ಣ ಈಗ ಟೀ ಟೈಮಿನಲ್ಲಿ ಬೋರ್ಡ್ ನೋಡಿ, "ಮೇಡಂ, 04 ಆರ್ಡರ್ ಹೋಗಿ ಮೂರು ದಿನ ಆಯ್ತಲ್ಲ, ಫೋನ್ ಮಾಡಿದ್ರಾ?" ಅಂತ ಕೇಳುತ್ತಾರೆ. ಕಂಪ್ಯೂಟರಿನೊಳಗೆ ಇದ್ದಿದ್ದರೆ ಅವರಿಗೆ ಕಾಣುತ್ತಲೇ ಇರಲಿಲ್ಲ. ಇದು ನನಗೆ ತುಂಬಾ ಸಂತೋಷ ಕೊಡುವ ವಿಷಯ.

ಕಂಪ್ಯೂಟರ್ ಬೇಡವೇ ಅಂದರೆ, ಬೇಕು. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಲ್ಲೇ ರೀಆರ್ಡರ್ ಲೆವೆಲ್ (ಇಷ್ಟಕ್ಕೆ ಇಳಿದರೆ ಆರ್ಡರ್ ಅನ್ನುವ ಅಂಕಿ) ಹಾಕುವ ಅನುಕೂಲ ಇದೆ, ಅಕೌಂಟ್ಸ್ ಕಡೆಗೆ ಅದು ಒಳ್ಳೆಯದು. ಆದರೆ ಸ್ಟೋರ್ಸಿನಿಂದ ಮಾಲು ಹೊರಗೆ ಹೋದ ಪ್ರತಿ ಸಲ ಎಂಟ್ರಿ ಆದರೆ ಮಾತ್ರ ಅದು ಸರಿ ಲೆಕ್ಕ ಕೊಡುತ್ತದೆ. ರಾತ್ರಿ ತೆಗೆದ ಬಾಕ್ಸಿಗೆ ಎಂಟ್ರಿ ಮಾಡುವವರು ಯಾರು? ಸ್ಕ್ಯಾನ್ ಮಾಡುವ ಆ್ಯಪ್ ಕೂಡ ನೋಡಿದೆವು. ನಮ್ಮ ಶಾಪಿನಲ್ಲಿ ಮಷಿನ್ ಹತ್ತಿರ ಮೊಬೈಲ್ ತರುವ ಹಾಗಿಲ್ಲ, ಹಾಗಾಗಿ ಆಪರೇಟರ್ ಕೈಗೆ ಅದು ಸೇರಲಿಲ್ಲ. ಈಗ ಕಾರ್ಡಿನ ಮೂಲೆಯಲ್ಲಿ ಕ್ಯುಆರ್ ಕೋಡ್ ಹಾಕಿದ್ದೇವೆ, ಅದನ್ನು ಸ್ಕ್ಯಾನ್ ಮಾಡುವುದು ನಾನು, ಬೆಳಗ್ಗೆ ಡಬ್ಬಿ ತೆರೆದಾಗ. ಐಟಂ ಕೋಡ್ ತಪ್ಪಿಲ್ಲದೆ ಪಿಒ ಶೀಟಿಗೆ ಬರುತ್ತದೆ. ಅಂದಹಾಗೆ ಈ ಕ್ಯುಆರ್ ಕೋಡ್ ಹುಟ್ಟಿದ್ದೇ ಬಿಡಿಭಾಗದ ಬಾಕ್ಸುಗಳ ಲೆಕ್ಕ ಇಡಲು. ಟೊಯೊಟಾ ಬಳಗದ ಡೆನ್ಸೊದಲ್ಲಿ ಮಸಾಹಿರೊ ಹಾರಾ ಮತ್ತು ಅವರ ತಂಡ 1994ರಲ್ಲಿ ಇದನ್ನು ತಂದರು. ಬಾರ್‌ಕೋಡಿನಲ್ಲಿ ಸುಮಾರು 20 ಅಕ್ಷರ ಮಾತ್ರ ಹಿಡಿಯುತ್ತಿತ್ತು, ಒಂದು ಬಾಕ್ಸಿಗೆ ಹಲವು ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕಾಗುತ್ತಿತ್ತು. ಇವತ್ತು ನಮ್ಮ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ದುಡ್ಡು ಕೊಡುವುದೂ ಅದರಲ್ಲೇ.

ಎಲ್ಲ ಸಾಮಾನಿಗೂ ಕಾರ್ಡ್ ಹಾಕಲು ಹೋಗಬೇಡಿ. ಒಂದು ಆರ್ಡರಿಗೆ ಮಾತ್ರ ತರಿಸುವ ಸ್ಪೆಷಲ್ ಡ್ರಿಲ್, ವರ್ಷಕ್ಕೊಮ್ಮೆ ಬೇಕಾಗುವ ಸ್ಪೇರ್, ಬೆಲೆಬಾಳುವ ಗೇಜ್ ಇವಕ್ಕೆ ದಿನದ ಬಳಕೆ ಅನ್ನುವುದೇ ಇಲ್ಲ. ಕಾರ್ಡ್ ಹಾಕಿದರೆ ದುಡ್ಡು ರ‍್ಯಾಕಿನಲ್ಲಿ ಕೂರುತ್ತದೆ. ಎಕ್ಸ್‌ಪೈರಿ ಇರುವ ಅಂಟು, ಸೀಲೆಂಟ್‌ಗೆ ಕಾರ್ಡ್ ಇರಲಿ, ಆದರೆ ತರಿಸುವ ಸಂಖ್ಯೆ ಕಮ್ಮಿ ಇಡಿ, ಹಳೆಯದು ಮುಂದೆ ಇರಲಿ.

ನಮ್ಮ ಕಡೆಗೆ ಬೇಕೇ ಬೇಕಾದ ಇನ್ನೊಂದು ಕಾರ್ಡ್ ಇದೆ, ಹಬ್ಬದ ಕಾರ್ಡ್. ಆಯುಧಪೂಜೆ, ದೀಪಾವಳಿ ಬಂದರೆ ಡೀಲರ್ ಅಂಗಡಿ ಮುಚ್ಚುತ್ತದೆ, ಟ್ರಾನ್ಸ್‌ಪೋರ್ಟ್ ನಿಧಾನವಾಗುತ್ತದೆ. 4 ದಿನದ ಲೆಕ್ಕ ಆಗ ನಡೆಯುವುದಿಲ್ಲ. ಮುಖ್ಯ ಐಟಂಗಳಿಗೆ ಹಬ್ಬದ ಎರಡು ವಾರ ಮೊದಲೇ ಕೆಂಪು ಅಂಚಿನ ಒಂದು ಹೆಚ್ಚುವರಿ ಕಾರ್ಡ್ ಬಿಡುತ್ತೇವೆ. ಅದರ ಮೇಲೆ ಮುಗಿಯುವ ತಾರೀಕು ದೊಡ್ಡದಾಗಿ ಇರುತ್ತದೆ. ಆ ತಾರೀಕಿನ ನಂತರ ಕಾರ್ಡ್ ಡಬ್ಬಿಗೆ ಬಂದರೆ ಆರ್ಡರ್ ಹಾಕದೆ ಡ್ರಾಯರಿಗೆ ಹಾಕುತ್ತೇನೆ, ಮುಂದಿನ ಹಬ್ಬಕ್ಕೆ ತಾರೀಕು ಬದಲಿಸಿ ಮತ್ತೆ ಹೊಸ ಪ್ರಿಂಟ್.

ಖರ್ಚಿನ ಮಾತು. ಪ್ರಿಂಟರ್ ಹೇಗೂ ಎಲ್ಲರ ಆಫೀಸಿನಲ್ಲೂ ಇರುತ್ತದೆ. ಎ4 ಅಳತೆಯ ಸಣ್ಣ ಲ್ಯಾಮಿನೇಶನ್ ಮಷಿನ್ ಸಾಕು, ಎ3 ಬೇಡ. ತೆಗೆದುಕೊಳ್ಳುವಾಗ 125 ಮೈಕ್ರಾನ್ ಪೌಚಿಗೆ ಬೇಕಾದ ಬಿಸಿ ಬರುತ್ತದಾ, ಹಾಳೆ ಸಿಕ್ಕಿಕೊಂಡರೆ ಬಿಡಿಸುವ ಲಿವರ್ ಇದೆಯಾ ಅಂತ ಅಂಗಡಿಯಲ್ಲೇ ಓಡಿಸಿ ನೋಡಿ. ಪೌಚ್ ನೂರರ ಪ್ಯಾಕ್ ತಗೊಳ್ಳಿ, ಬಿಡಿ ತಗೊಂಡರೆ ದುಬಾರಿ. ಗ್ಲಾಸಿ ಬದಲು ಮ್ಯಾಟ್ ಸಿಗುತ್ತದಾ ಕೇಳಿ, ಟ್ಯೂಬ್‌ಲೈಟ್ ಬೆಳಕು ಹೊಳೆಯದೆ ದೂರದಿಂದಲೂ ಓದಬಹುದು. ಆದರೆ ಮ್ಯಾಟ್ ಮೇಲೆ ಮಾರ್ಕರ್ ಕಲೆ ಸ್ವಲ್ಪ ಉಳಿಯುತ್ತದೆ, ಹಾಗಾಗಿ ತಾರೀಕು ಬರೆಯುವ ಜಾಗಕ್ಕೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿಕೊಳ್ಳಿ.